ಕೊಲ್ಹಾಪುರದ ನಾಟ್ಯಗೃಹ

ಕೊಲ್ಹಾಪುರವೆಂದೊಡನೆ ನಮಗೆ ಮಹಾಲಕ್ಷ್ಮಿಯ ಗುಡಿಯೂ ಖಾಸಬಾಗದ ಕುಸ್ತಿಯ ಕಣವೂ ನೆನಪಿಗೆ ಬರುತ್ತವೆ. ಆ ಕಣಕ್ಕೆ ಹೊಂದಿಕೊಂಡೇ ಒಂದು ನಾಟ್ಯಗೃಹವುಂಟು. ಕನ್ನಡ ಮಕ್ಕಳಾದ ನಾವೂ ಅದರ ಚರಿತ್ರೆಯನ್ನು ಅರಿಯತಕ್ಕದ್ದು.

ನಾಟಕ ಮಂಡಳಿಗಳು ಚಪ್ಪರಗಳಲ್ಲಿ ಆಡುತ್ತ ಊರೂರು ತಿರುಗುತ್ತಿದ್ದ ಕಾಲವದು. ಕೊಲ್ಹಾಪುರದ ಅರಸರಾದ ಶಾಹೂ ಛತ್ರಪತಿ ಮಹಾರಾಜರು 1902ರಲ್ಲಿ ಯುರೋಪಿನ ಪ್ರವಾಸ ಮಾಡಿ ಬಂದಿದ್ದರು. ಮಲ್ಲರಿಗೆ ಕಣವನ್ನು ಕಟ್ಟಿಸಿದ ಅವರು ನಟರಿಗೂ ಒಂದು ನೆಲೆಯಾಗಲೆಂದು ಬಯಸಿದರು. 1913ರಲ್ಲಿ ಕೆಲಸ ಮೊದಲಾಗಿ 1915ರಲ್ಲಿ ಮುಗಿಯಿತು. ಅರಮನೆಯ ಆಶ್ರಯದಲ್ಲಿ ಎದ್ದ ಈ ಮಂದಿರಕ್ಕೆ 'ಪ್ಯಾಲೇಸ್ ಥಿಯೇಟರ್' ಎಂದು ಹೆಸರಾಯಿತು.

ಅದೇ ಊರಿನಲ್ಲಿ 1890ರ ಆಗಸ್ಟ್ 9ರಂದು ಕೇಶವರಾವ ಭೋಸಲೆ ಎಂಬ ಗಾಯಕನಟರು ಜನಿಸಿದ್ದರು. ಬಾಲ್ಯದಲ್ಲಿಯೇ ರಂಗವನ್ನೇರಿದ ಅವರು, ಹದಿನೆಂಟು ತುಂಬುವ ಮೊದಲೇ, 1908ರಲ್ಲಿ, 'ಲಲಿತಕಲಾದರ್ಶ' ಎಂಬ ಮಂಡಳಿಯನ್ನು ಸ್ಥಾಪಿಸಿದರು. ಎಲ್ಲಿ ಬಲ್ಲಿರಾ? ನಮ್ಮ ಹುಬ್ಬಳ್ಳಿಯಲ್ಲಿ! ಮರಾಠಿ ರಂಗಭೂಮಿಯ ಹೆಸರಾಂತ ಮಂಡಳಿಯೊಂದು ಕನ್ನಡ ನೆಲದಲ್ಲಿ ಹುಟ್ಟಿತು. ಕಲೆಗೆ ಭಾಷೆಯ ಗಡಿ ಅಡ್ಡಿಯಾಗದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? 1921ರಲ್ಲಿ ಅವರೂ ಬಾಲಗಂಧರ್ವರೂ ಟಿಳಕ ಸ್ವರಾಜ್ಯ ನಿಧಿಗಾಗಿ ಕೂಡಿ 'ಮಾನಾಪಮಾನ' ನಾಟಕವನ್ನಾಡಿದರು. ಅದೇ ವರ್ಷ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕೇಶವರಾಯರು ತೀರಿಕೊಂಡರು.

1957ರಲ್ಲಿ ನಾಟ್ಯಗೃಹಕ್ಕೆ ಅವರ ಹೆಸರನ್ನಿಟ್ಟರು. ಅರಮನೆಯ ಹೆಸರಿದ್ದ ಮಂದಿರವು ನಟನ ಹೆಸರಿನದಾಯಿತು. ಕಟ್ಟಿದವರು ಅರಸರು; ಅದರಲ್ಲಿ ಜೀವ ತುಂಬಿದವರು ಕಲಾವಿದರು. ಈ ಎರಡೂ ಋಣಗಳನ್ನು ಊರು ಮರೆಯಲಿಲ್ಲ.

ಆದರೆ 2024ರ ಆಗಸ್ಟ್ 8ರ ರಾತ್ರಿ ಅಲ್ಲಿ ಬೆಂಕಿ ಬಿತ್ತು. ರಂಗ, ಛಾವಣಿ, ಆಸನಗಳು ಸುಟ್ಟು ಬೂದಿಯಾದವು. ಪಕ್ಕದ ಕುಸ್ತಿ ಕಣದ ವೇದಿಕೆಯೂ ಉರಿಯಿತು. ಬೆಳಗಾದರೆ ಕೇಶವರಾಯರ ಜನ್ಮದಿನ! ನೂರಕ್ಕೂ ಹೆಚ್ಚು ವರ್ಷ ಬಾಳಿದ ಮಂದಿರವು ಒಂದೇ ರಾತ್ರಿಯಲ್ಲಿ ಹಾಳಾಯಿತು. ಊರಿನ ಜನರು ಮನೆಯವರನ್ನು ಕಳೆದುಕೊಂಡವರಂತೆ ದುಃಖಿಸಿದರು. ಅದನ್ನು ಮತ್ತೆ ಕಟ್ಟಲು ಸರಕಾರವು ಹಣ ಮಂಜೂರು ಮಾಡಿತು.

ಇದರಿಂದ ನಾವು ಕಲಿಯಬೇಕಾದುದೇನು? ರಂಗಮಂದಿರದಲ್ಲಿ ಹಲಗೆ, ಪರದೆ, ವಿದ್ಯುತ್ ತಂತಿಗಳು ಒಂದೆಡೆ ಕೂಡಿರುತ್ತವೆ. ಒಂದು ಕಿಡಿ ಸಾಕು. ಆದ್ದರಿಂದ ಕಟ್ಟುವುದರಷ್ಟೇ ಕಾಯುವುದೂ ನಮ್ಮ ಕರ್ತವ್ಯ. ಪಾಲಕರೇ, ಮಕ್ಕಳನ್ನು ನಾಟಕಕ್ಕೆ ಕರೆದೊಯ್ಯಿರಿ. ಮಕ್ಕಳೇ, ನಮ್ಮ ಶಾಲೆಯ ವೇದಿಕೆ ಎಷ್ಟೇ ಚಿಕ್ಕದಿರಲಿ, ಅದನ್ನು ಜೋಪಾನ ಮಾಡಿರಿ. ನಮ್ಮ ನುಡಿಯೂ ಅಲ್ಲಿಯೇ ಬಾಳಬೇಕಾಗಿದೆ.