ಕಂಪ್ಯೂಟರಿಗೆ ವಿಳಾಸ ಕೊಡುವವರು ಯಾರು?



ಹೋದ ತಿಂಗಳು ಕಂಪ್ಯೂಟರ್ ಕೋಣೆಯಲ್ಲಿ ನಾನೊಂದು ತಪ್ಪು ಮಾಡಿದೆ. ಅದರಿಂದ ಕಲಿತ ಪಾಠವನ್ನೇ ಇಲ್ಲಿ ಬರೆದಿದ್ದೇನೆ.

ಪೋಸ್ಟ್‌ಮ್ಯಾನ್‌ಗೆ ಮನೆಯ ವಿಳಾಸ ಬೇಕು. ಹಾಗೆಯೇ ಜಾಲದಲ್ಲಿರುವ ಪ್ರತಿಯೊಂದು ಕಂಪ್ಯೂಟರಿಗೂ ಐಪಿ ವಿಳಾಸ ಬೇಕು. ಅದು 192.168.1.20 ಎಂಬಂತೆ ನಾಲ್ಕು ಸಂಖ್ಯೆಗಳಲ್ಲಿರುತ್ತದೆ. ಒಂದೊಂದು ಸಂಖ್ಯೆಯೂ 0ಯಿಂದ 255ರ ಒಳಗೆ. ಒಂದೇ ಜಾಲದಲ್ಲಿ ಎರಡು ಕಂಪ್ಯೂಟರಿಗೆ ಒಂದೇ ವಿಳಾಸ ಇರಬಾರದು.

1985ರಲ್ಲಿ ಬೂಟ್‌ಪಿ ಎಂಬ ಪದ್ಧತಿ ಬಂತು. ಡಿಸ್ಕ್ ಇಲ್ಲದ ಕಂಪ್ಯೂಟರ್ ಆನ್ ಆದಾಗ ಅದು ವಿಳಾಸ ಹೇಳುತ್ತಿತ್ತು. ಆದರೆ ಯಾವ ಯಂತ್ರಕ್ಕೆ ಯಾವ ವಿಳಾಸ ಅಂತ ಮೊದಲೇ ಪಟ್ಟಿ ಬರೆದಿಡಬೇಕಿತ್ತು. 1993ರಲ್ಲಿ ಬಂದ ಡಿಎಚ್‌ಸಿಪಿ, ಖಾಲಿ ಇರುವ ವಿಳಾಸವನ್ನು ತಾನೇ ಹುಡುಕಿ ಕೊಡುತ್ತದೆ. ಹಂಚುವ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. ಇದರಲ್ಲಿ ನಾಲ್ಕು ಹಂತಗಳಿವೆ.

1. ಹೊಸದಾಗಿ ಆನ್ ಆದ ಕಂಪ್ಯೂಟರಿಗೆ ಯಾರನ್ನು ಕೇಳಬೇಕೆಂದೇ ಗೊತ್ತಿರುವುದಿಲ್ಲ. ಆದ್ದರಿಂದ "ವಿಳಾಸ ಕೊಡೋರು ಯಾರಿದ್ದೀರಿ?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ.
2. ಸರ್ವರ್ "ಇದು ಖಾಲಿ ಇದೆ, ಬೇಕಾ?" ಎನ್ನುತ್ತದೆ.
3. ಕಂಪ್ಯೂಟರ್ "ಅದನ್ನೇ ಕೊಡಿ" ಎನ್ನುತ್ತದೆ.
4. ಸರ್ವರ್ "ಆಯ್ತು, ತಗೋ" ಎಂದು ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ.

ಈ ವಿಳಾಸ ಲೈಬ್ರರಿ ಪುಸ್ತಕದಂತೆ, ಗಡುವಿಗೆ ಮಾತ್ರ. ಸಾಮಾನ್ಯವಾಗಿ ಅರ್ಧ ಗಡುವು ಕಳೆದಾಗಲೇ ಕಂಪ್ಯೂಟರ್ "ಇನ್ನೂ ಬೇಕು" ಎಂದು ಕೇಳಿಕೊಳ್ಳುತ್ತದೆ. ಕೇಳದೇ ಹೋದರೆ ಗಡುವು ಮುಗಿದ ಮೇಲೆ ಆ ವಿಳಾಸ ಬೇರೆಯವರಿಗೆ ಸಿಗುತ್ತದೆ.

ಈಗ ನನ್ನ ತಪ್ಪು ಹೇಳುತ್ತೇನೆ. ಅಂದು ಕರೆಂಟ್ ಹೋಗಿ ಬಂದಿತ್ತು. ನನ್ನ ಕಂಪ್ಯೂಟರಿಗೆ ನೆಟ್ ಬರುವುದು ತಡವಾಯಿತು. ನಾನು ಜಾಣತನ ತೋರಿಸಲು ಹೋಗಿ, ಪಕ್ಕದ ಕಂಪ್ಯೂಟರಿನ ವಿಳಾಸ ನೋಡಿ ಅದನ್ನೇ ಕೈಯಿಂದ ಹಾಕಿದೆ. ಎರಡೂ ತಕರಾರು ತೆಗೆದವು! ಪಕ್ಕದಲ್ಲಿ ನನ್ನ ಗೆಳತಿ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದಳು. ಅರ್ಧಕ್ಕೇ ನಿಂತಿತು. ಅವಳ ಕಣ್ಣಲ್ಲಿ ನೀರು ಬಂತು. ಮರುದಿನ ಮತ್ತೆ ಮೊದಲಿಂದ ತುಂಬಬೇಕಾಯಿತು.

ಸರ್ ಬೈಯಲಿಲ್ಲ. ವಿಳಾಸ ತಾನಾಗಿ ಬರುವಂತೆ ಮೊದಲಿನ ಹಾಗೆ ಮಾಡಿಟ್ಟು, ಎರಡು ಮಾತು ಹೇಳಿದರು. ವಿಳಾಸ 169.254 ಎಂದು ಶುರುವಾದರೆ ಸರ್ವರಿನಿಂದ ಉತ್ತರ ಬಂದಿಲ್ಲ ಎಂದು ತಿಳಿದು ಮೊದಲು ವೈರ್ ನೋಡಬೇಕು. ಪ್ರಿಂಟರಿಗೆ ಕೈಯಿಂದ ಕಾಯಂ ವಿಳಾಸ ಹಾಕುವುದಾದರೆ, ಸರ್ವರ್ ಹಂಚುವ ಸಂಖ್ಯೆಗಳನ್ನು ಬಿಟ್ಟು ಬೇರೆಯದನ್ನು ಹಾಕಿ, ಪುಸ್ತಕದಲ್ಲಿ ಬರೆದಿಡಬೇಕು.

ಆ ಪುಸ್ತಕ ಈಗ ನನ್ನ ಕೈಯಲ್ಲೇ ಇದೆ. ಗೆಳತಿಯ ಅರ್ಜಿಯೂ ಹೋಯಿತು. ನೀವು ಯಾರೂ ಕೇಳದೆ ವಿಳಾಸ ಬದಲಾಯಿಸಬೇಡಿ.

ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು.

7ನೇ ತರಗತಿ