ಹಳೆಯ ಸಿನಿಮಾಗೂ ಜೀರ್ಣೋದ್ಧಾರ ಬೇಕು



ಸೇಲಂನಿಂದ ಯರ್ಕಾಡ್ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಒಂದು ಹಳೆಯ ಕಮಾನು ಇದೆ, ನೋಡಿದ್ದೀರಾ? ಅದು ‘ಮಾಡರ್ನ್ ಥಿಯೇಟರ್ಸ್’ ಸ್ಟುಡಿಯೋದ ಹೆಬ್ಬಾಗಿಲು. ಮಲಯಾಳದ ಮೊದಲ ಮಾತಿನ ಚಿತ್ರ ‘ಬಾಲನ್’ (1938) ತಯಾರಿಸಿದ್ದು ಟಿ. ಆರ್. ಸುಂದರಂ ಅವರ ಇದೇ ಸಂಸ್ಥೆ. ಇವತ್ತು ಅದನ್ನು ನೋಡೋಣ ಅಂದ್ರೆ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ (1934) ಗತಿಯೂ ಅದೇ. ಕಮಾನು ಉಳಿಯಿತು, ಸಿನಿಮಾ ಹೋಯಿತು. ಯಾಕೆ?

ಫಿಲ್ಮ್ ಹೇಗೆ ಕೆಡುತ್ತದೆ?

1950ರ ಸುಮಾರಿನವರೆಗೆ ಸಿನಿಮಾ ಫಿಲ್ಮನ್ನು ಸೆಲ್ಯುಲೋಸ್ ನೈಟ್ರೇಟ್‌ನಿಂದ ಮಾಡುತ್ತಿದ್ದರು. ಅದು ಹೊತ್ತಿಕೊಂಡರೆ ಆರಿಸುವುದು ಬಲು ಕಷ್ಟ. ಆಮೇಲೆ ಸೆಲ್ಯುಲೋಸ್ ಅಸಿಟೇಟ್ ಬಂತು. ಇದಕ್ಕೆ ಬೆಂಕಿಯ ಭಯ ಕಡಿಮೆ. ಆದರೆ ಸೆಕೆ, ತೇವಾಂಶ ಸೇರಿದರೆ ಇದು ನಿಧಾನವಾಗಿ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ! ಹುಟ್ಟಿದ ಆಮ್ಲವೇ ಮುಂದಿನ ಕೊಳೆತವನ್ನು ಚುರುಕು ಮಾಡುತ್ತದೆ. ಫಿಲ್ಮ್ ಕುಗ್ಗಿ, ಸುರುಟಿ, ಕೊನೆಗೆ ಪುಡಿಯಾಗುತ್ತದೆ. ಬಣ್ಣದ ಫಿಲ್ಮಿಗೆ ಇನ್ನೊಂದು ಕಾಯಿಲೆ. ಬಿಸಿಲಿಗೆ ಹಾಕಿದ ಸೀರೆಯಂತೆ ಅದರ ಬಣ್ಣಗಳೂ ಮಾಸುತ್ತವೆ. ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಅದಕ್ಕೇ ಎಷ್ಟೋ ಹಳೆಯ ಪ್ರಿಂಟುಗಳು ಕೆಂಪಾಗಿ ಕಾಣುತ್ತವೆ.

ಮನೆಯಲ್ಲಿ ನಾವು ನೋಡುವುದೇನು?

ಹಳೆಯ ಸಿನಿಮಾ ಈಗ ಥಿಯೇಟರಿಗೆ ಬರುವುದು ಅಪರೂಪ. ನಾವು ನೋಡೋದು ಟಿವಿಯಲ್ಲಿ, ಮೊಬೈಲಿನಲ್ಲಿ. ಮನೆಗೆ ಬರುವ ಪ್ರತಿ ಹೇಗಿದೆಯೋ ನಮ್ಮ ಪಾಲಿಗೆ ಸಿನಿಮಾ ಹಾಗೇ. ಒಂದು ಚೌಕಟ್ಟಿನಲ್ಲಿರುವ ಚುಕ್ಕಿಗಳನ್ನು ಲೆಕ್ಕ ಹಾಕಿ:

ವಿಸಿಡಿ: 352 × 288 = ಸುಮಾರು 1 ಲಕ್ಷ
ಡಿವಿಡಿ: 720 × 576 = ಸುಮಾರು 4 ಲಕ್ಷ
ಫುಲ್ ಎಚ್‌ಡಿ: 1920 × 1080 = ಸುಮಾರು 20 ಲಕ್ಷ

ವಿಸಿಡಿಯ ಚಿತ್ರವನ್ನು ದೊಡ್ಡ ಟಿವಿಗೆ ಹಿಗ್ಗಿಸಿದರೆ ಚುಕ್ಕಿ ದೊಡ್ಡದಾಗುತ್ತದೆ, ವಿವರ ಹೆಚ್ಚಾಗುವುದಿಲ್ಲ. ಕಳೆದುಹೋದ ವಿವರ ಪ್ರತಿಯಿಂದ ಹುಟ್ಟದು; ಮೂಲ ನೆಗೆಟಿವ್‌ಗೇ ಹೋಗಬೇಕು.

ಜೀರ್ಣೋದ್ಧಾರ ಹೇಗೆ?

ಮೊದಲು ನೆಗೆಟಿವ್ ತೊಳೆದು, ಹರಿದಲ್ಲಿ ಅಂಟಿಸುತ್ತಾರೆ. ನಂತರ ಒಂದೊಂದೇ ಚೌಕಟ್ಟನ್ನು ಸ್ಕ್ಯಾನ್ ಮಾಡುತ್ತಾರೆ. ಸೆಕೆಂಡಿಗೆ 24 ಚೌಕಟ್ಟು. ಎರಡೂವರೆ ಗಂಟೆಯ ಚಿತ್ರಕ್ಕೆ 2,16,000! ಬಳಿಕ ಕಂಪ್ಯೂಟರಿನಲ್ಲಿ ಗೀರು, ಧೂಳು ತೆಗೆದು ಬಣ್ಣ, ಧ್ವನಿ ಸರಿಪಡಿಸುತ್ತಾರೆ. ಇಲ್ಲಿ ಅತಿಯಾಸೆ ಬೇಡ. ತೀರಾ ನುಣುಪು ಮಾಡಿದರೆ ಮುಖಗಳು ಮೇಣದ ಗೊಂಬೆಯಂತಾಗುತ್ತವೆ. ಅಗಲ ಟಿವಿಗೆಂದು ಹಳೆಯ ಚಿತ್ರವನ್ನು ಎಳೆದರೆ ತೆಳ್ಳಗಿದ್ದವರೂ ದಪ್ಪಗಾಗುತ್ತಾರೆ! ಹಳೆಯ ಗುಡಿಯನ್ನು ರಿಪೇರಿ ಮಾಡುವಾಗ ಶಿಲ್ಪವನ್ನೇ ಉಜ್ಜಿ ಅಳಿಸುತ್ತೇವೆಯೇ? ಇಲ್ಲಿಯೂ ಹಾಗೆಯೇ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹೀಗೆ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಸರಿಯಾದ ಸಮಯದಲ್ಲಿ ಕೈಹಾಕಿದರೆ ಉಳಿಸಬಹುದು ಅನ್ನೋದಕ್ಕೆ ಇದೇ ಸಾಕ್ಷಿ. ಹಾಗೆ ಉಳಿಸಿದ್ದು ಒಳ್ಳೆಯ ಪ್ರತಿಯಾಗಿ ಹಳ್ಳಿಯ ಮನೆಗೂ ಬಂದರೆ ಮಾತ್ರ ಕೆಲಸ ಪೂರ್ತಿ.

ಮಾಡಿ ನೋಡಿ

1. ಒಂದು ಫೋಟೋ ಜೆರಾಕ್ಸ್ ಮಾಡಿಸಿ. ಆ ಜೆರಾಕ್ಸಿನ ಜೆರಾಕ್ಸ್, ಹೀಗೆ ಐದು ಸಲ. ಯಾವ ವಿವರ ಮೊದಲು ಮಾಯವಾಯಿತು?
2. ನೀಲಿ ಲಿಟ್ಮಸ್ ಕಾಗದಕ್ಕೆ ಒಂದು ಹನಿ ವಿನೆಗರ್ ಹಾಕಿ. ಫಿಲ್ಮ್ ಡಬ್ಬಿಯ ಕಾಯಿಲೆ ಪತ್ತೆಹಚ್ಚಲು ಇದೇ ಗುಣ ಹೇಗೆ ನೆರವಾದೀತು?
3. ಫಿಲ್ಮನ್ನು ತಂಪಾದ, ಒಣ ಕೋಣೆಯಲ್ಲಿ ಇಡುವುದೇಕೆ? ಕಾರಣ ಬರೆಯಿರಿ.