ಕ್ರೈಸ್ತ ಕಲ್ಪನೆಯ ಆದರ್ಶ ಲೋಕ: ಒಂದು ನಗರ, ಒಂದು ದ್ವೀಪ

ಕ್ರೈಸ್ತರ ಆದರ್ಶ ಲೋಕವೆಂದರೆ ಸತ್ತ ಮೇಲೆ ಸೇರುವ ಸ್ವರ್ಗ ಎಂಬ ತಿಳಿವಳಿಕೆ ನಮ್ಮ ಸಾಹಿತ್ಯ ವಿದ್ಯಾರ್ಥಿಗಳಲ್ಲಿ ರೂಢವಾಗಿದೆ. ‘ಸ್ವರ್ಗ’ ಎಂಬ ಪದವೇ ಇದಕ್ಕೆ ಅರ್ಧ ಕಾರಣ. ನಮ್ಮ ಪುರಾಣಗಳ ಸ್ವರ್ಗ ಪುಣ್ಯವಿರುವಷ್ಟು ಕಾಲದ ತಂಗುದಾಣ. ಪುಣ್ಯ ತೀರಿದೊಡನೆ ಭೂಮಿಗೆ ಮರಳಬೇಕು. ಬೈಬಲ್ಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ ಕಡೆಯ ಎರಡು ಅಧ್ಯಾಯಗಳಲ್ಲಿ ಚಲನೆಯ ದಿಕ್ಕೇ ಬೇರೆ. ಅಲ್ಲಿ ಮನುಷ್ಯರು ಮೇಲಕ್ಕೇರುವುದಿಲ್ಲ. ಹೊಸ ಯೆರೂಸಲೇಮ್ ಎಂಬ ನಗರವೇ ಹೊಸ ಭೂಮಿಗೆ ಇಳಿದು ಬರುತ್ತದೆ.

ಈ ನಗರದ ಉದ್ದ, ಅಗಲ, ಎತ್ತರ ಮೂರೂ 12,000 ಸ್ತಾದಿ, ಎಂದರೆ ಸುಮಾರು 2,200 ಕಿಲೋಮೀಟರ್. ಇದನ್ನು ವಾಸ್ತುಶಿಲ್ಪವೆಂದು ಓದಿದರೆ ನಗೆ ಬಂದೀತು. ಆದರೆ ಸೊಲೊಮೋನನ ದೇವಾಲಯದ ಗರ್ಭಗೃಹವೂ ಮೂರು ದಿಕ್ಕಿಗೂ 20 ಮೊಳವಿದ್ದ ಘನಾಕೃತಿ ಎಂಬುದನ್ನು ನೆನೆಯಬೇಕು. ವರ್ಷಕ್ಕೊಮ್ಮೆ ಮಹಾಯಾಜಕನೊಬ್ಬನೇ ಹೊಗಬಹುದಾಗಿದ್ದ ಆ ಕೋಣೆಯ ಆಕಾರವನ್ನು ಇಲ್ಲಿ ಇಡೀ ಊರು ತಳೆದಿದೆ. ಎಲ್ಲವೂ ಗರ್ಭಗೃಹವಾದ ಮೇಲೆ ಪ್ರತ್ಯೇಕ ದೇವಾಲಯಕ್ಕೆ ಅರ್ಥವಿಲ್ಲ. ಆ ನಗರದಲ್ಲಿ ದೇವಾಲಯವಿಲ್ಲವೆಂದು ಕೃತಿಕಾರನು ಸ್ಪಷ್ಟವಾಗಿಯೇ ಹೇಳುತ್ತಾನೆ.

ಆ ಹೊಸ ಲೋಕದಲ್ಲಿ ಇಲ್ಲದ ಇನ್ನೊಂದು ವಸ್ತು ಸಮುದ್ರ. ಇದು ಓದುಗನನ್ನು ತಡೆದು ನಿಲ್ಲಿಸುವ ವಿವರ. ಕೃತಿಕಾರನಾದ ಯೋಹಾನನು ಈ ದರ್ಶನವನ್ನು ಕಂಡದ್ದು ಪತ್ಮೋಸ್ ದ್ವೀಪದಲ್ಲಿ; ಸಂಪ್ರದಾಯದ ಪ್ರಕಾರ ಆತ ಅಲ್ಲಿಗೆ ಗಡೀಪಾರಾದವನು. ಅಂಥವನಿಗೆ ಕಡಲು ತನ್ನವರಿಂದ ತನ್ನನ್ನು ಅಗಲಿಸಿದ ನೀರು. ಅದಕ್ಕೂ ಮಿಗಿಲಾದ ಕಾರಣವೊಂದು ಹದಿನೆಂಟನೆಯ ಅಧ್ಯಾಯದಲ್ಲಿದೆ. ಬಾಬೆಲ್ ಎಂಬ ಹೆಸರಿನ ಮರೆಯಲ್ಲಿರುವ ರೋಮ್ ನಗರಕ್ಕೆ ಹಡಗುಗಳು ತರುತ್ತಿದ್ದ ಸರಕಿನ ಪಟ್ಟಿ ಅಲ್ಲಿದೆ: ಚಿನ್ನ, ಮುತ್ತು, ರೇಷ್ಮೆ, ದಾಲ್ಚಿನ್ನಿ, ಗೋಧಿ, ಪಟ್ಟಿಯ ಕೊನೆಗೆ ಮನುಷ್ಯರು. ಗುಲಾಮರ ಹಡಗು ತೇಲುವ ಕಡಲು ಆದರ್ಶ ಲೋಕದಲ್ಲಿ ಉಳಿಯದಿರುವುದು ಸಹಜವೇ ಆಗಿದೆ.

ಇದರ ಪಕ್ಕದಲ್ಲಿ 1516ರಲ್ಲಿ ಲೂವೆನ್‌ನಲ್ಲಿ ಅಚ್ಚಾದ ಥಾಮಸ್ ಮೋರನ ‘ಯುಟೋಪಿಯ’ವನ್ನು ಇಟ್ಟು ನೋಡಬೇಕು. ಆರು ಗಂಟೆಯ ದುಡಿಮೆ, ಖಾಸಗಿ ಆಸ್ತಿಯಿಲ್ಲದ ಬದುಕು, ಬೀಗವಿಲ್ಲದ ಮನೆಗಳು, ಚಿನ್ನದಿಂದ ಮಾಡಿದ ಮಲಪಾತ್ರೆಗಳು ಇವೆಲ್ಲ ಪ್ರಸಿದ್ಧ. ಆ ನಾಡು ಹುಟ್ಟಿದ ಬಗೆಯನ್ನು ವಿಮರ್ಶಕರು ಇನ್ನೂ ಹೆಚ್ಚು ಗಮನಿಸಬೇಕಿತ್ತು. ಅದು ಮೊದಲು ದ್ವೀಪವೇ ಅಲ್ಲ. ಅದನ್ನು ಗೆದ್ದ ಯುಟೋಪಸ್ ದೊರೆ 15 ಮೈಲಿ ನೆಲವನ್ನು ತೋಡಿಸಿ, ಸುತ್ತಲೂ ಸಮುದ್ರ ಹರಿಯುವಂತೆ ಮಾಡಿದನು. ಕಡಲಿನಿಂದ ನೊಂದವನು ಕಡಲಿಲ್ಲದ ಲೋಕವನ್ನು ಕಂಡನು. ಲಂಡನ್ನಿನ ನ್ಯಾಯವಾದಿ ಕಡಲನ್ನು ತೋಡಿ ಆದರ್ಶವನ್ನು ಕಟ್ಟಿದನು. ತೋಡಿದ ಆ ಕಡಲಿನೊಳಗೆ ಗುಲಾಮರು ಮರಳಿ ಬಂದಿದ್ದಾರೆ, ಅವರ ಸಂಕೋಲೆ ಚಿನ್ನದ್ದು. ಅನುಮತಿಯಿಲ್ಲದೆ ಎರಡನೆಯ ಸಲ ಊರು ಬಿಟ್ಟವನಿಗೂ ಗುಲಾಮಗಿರಿಯೇ ಶಿಕ್ಷೆ.

ಇದೆಲ್ಲ ವ್ಯಂಗ್ಯವೆಂದು ಹೇಳಿ ಮೋರನನ್ನು ಬಿಡಿಸುವವರಿದ್ದಾರೆ. ಆ ವಾದ ಪೂರ್ತಿಯಾಗಿ ನಿಲ್ಲಲಾರದು. ಯುಟೋಪಸ್ ಪ್ರತಿಯೊಬ್ಬನಿಗೂ ಅವನವನ ಮತವನ್ನು ಬಿಟ್ಟುಕೊಟ್ಟನೆಂದು ಬರೆದ ಮೋರ್, 1529ರಿಂದ 1532ರವರೆಗೆ ಚಾನ್ಸಲರ್ ಆಗಿದ್ದಾಗ ಮತಭ್ರಷ್ಟರೆನಿಸಿದವರನ್ನು ಸುಡುವುದಕ್ಕೆ ಸಮ್ಮತಿಸಿದವನು. 1535ರಲ್ಲಿ ತಾನೇ ಮನಸ್ಸಾಕ್ಷಿಗಾಗಿ ತಲೆಕೊಟ್ಟವನು.

ಯೋಹಾನನ ನಗರಕ್ಕೂ ಹೊರಗು ಎಂಬುದುಂಟು. ಕೊಲೆಗಾರರು, ಸುಳ್ಳರು ಒಳಗೆ ಬರಲಾರರೆಂದು ಆತ ಒಂದಲ್ಲ, ಹಲವು ಬಾರಿ ಹೇಳುತ್ತಾನೆ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳುವಂತಿಲ್ಲ. ಆದರೂ ಹನ್ನೆರಡು ಬಾಗಿಲುಗಳನ್ನು ಆತ ಮುಚ್ಚಿಸುವುದಿಲ್ಲ. ಹಿಂದಿನ ಅಧ್ಯಾಯಗಳಲ್ಲಿ ಶತ್ರುಗಳಾಗಿ ಬಂದ ಭೂರಾಜರೇ ಕೊನೆಗೆ ತಮ್ಮ ವೈಭವವನ್ನು ಹೊತ್ತು ಆ ಬಾಗಿಲುಗಳಿಂದ ಒಳಗೆ ಬರುತ್ತಾರೆ. ಜೀವವೃಕ್ಷದ ಎಲೆಗಳು ಜನಾಂಗಗಳ ಗಾಯಕ್ಕೆ ಮದ್ದಾಗುತ್ತವೆ.